ಮೂರು ಗೀಟು, ಒಂದು ಚುಕ್ಕೆ

ಹತ್ತಿ ಕೊಯ್ಲಿನ ಕಾಲ; ಗಿರಣಿ ಬೆಳಗಿನಿಂದಲೇ ಓಡುತ್ತಿತ್ತು. ಅದರ ಸದ್ದು ಕೇಳುವ ನಡುಮನೆಯಲ್ಲಿ ಗೀಟಣ್ಣ ಸ್ಟೂಲು ಹತ್ತಿ ಟ್ಯೂಬ್‌ಲೈಟಿಗೆ ಕೈಹಾಕಿದ್ದ. ಕೆಳಗೆ ಚಾಪೆಯ ಮೇಲೆ, ಅವನು ಅಣ್ಣ ಎಂದೇ ಕರೆಯುತ್ತಿದ್ದ ಗಿರಣಿಯ ಹೆಡ್ ವೈರ್‌ಮನ್ ತಣ್ಣಗಾಗಿ ಮಲಗಿದ್ದ. ದೀಪ ಮಿಟುಕಿದಾಗಲೆಲ್ಲ ಸತ್ತವನೇ ಕಣ್ಣು ಪಿಳುಕಿಸಿದಂತಾಗಿ ಹೆಂಗಸರು ಬೆಚ್ಚುತ್ತಿದ್ದರು.

"ಹುಷಾರು ಕಣಪ್ಪ, ಗೋದಾಮಿನ ಥರ ಇದನ್ನೂ ಸುಟ್ಟುಬಿಟ್ಟೀಯ," ಅಂದ ಗಿರಣಿಯ ತೂಕದವನು. "ಬೇಗ ಇಳಿ. ಚಟ್ಟಕ್ಕೆ ಮುಂದಿನ ಹೆಗಲು ನಿಂದೇ. ಅವ್ನೇ ಹೇಳಿ ಹೋಗಿದಾನೆ."

ಗೀಟಣ್ಣ ಸ್ಟಾರ್ಟರ್ ಬದಲಿಸಿದ. ಮಿಟುಕು ನಿಲ್ಲಲಿಲ್ಲ. ಅಡಿಗೆಮನೆಯ ಟ್ಯೂಬು ತಂದು ಹಾಕಿದ, ಅದೂ ಹಾಗೇ.

"ಹಂಗಾದ್ರೆ ಚೋಕೇ ಹೋಗಿದೆ."

ಸ್ವಿಚ್ ಆರಿಸಿ ಪಟ್ಟಿಯ ಮುಚ್ಚಳ ಬಿಚ್ಚಿದ. ಕಾದ ಡಾಂಬರಿನ ವಾಸನೆ ಬಂತು. ಟಾರ್ಚ್ ಹಿಡಿದು ಧೂಳು ಒರೆಸಿದ. ಚೋಕಿನ ತಗಡಿನ ಮೇಲೆ ಮೂರು ಗೀಟು, ಪಕ್ಕದಲ್ಲೊಂದು ಚುಕ್ಕೆ.

*

ತಾನು ಹಾಕಿದ ಪ್ರತಿ ಚೋಕಿನ ಮೇಲೂ ಸ್ಕ್ರೂಡ್ರೈವರ್ ತುದಿಯಿಂದ ಮೂರು ಗೀಟು ಎಳೆಯುವುದು ಅವನ ಚಾಳಿ. ಆ ಹೆಸರು ಅಂಟಿದ್ದೇ ಅದರಿಂದ. ಚುಕ್ಕೆ ಇಟ್ಟದ್ದು ಮಾತ್ರ ಒಂದಕ್ಕೇ. ಮಗಳು ಹುಟ್ಟಿದ ದಿನ ಗಿರಣಿಯ ಗೋದಾಮಿನಲ್ಲಿ ಹಾಕಿದ ಹೊಸ ಚೋಕಿಗೆ. ತಿಂಗಳೊಳಗೆ ಅದೇ ದೀಪದಿಂದ ಕಿಡಿ ಬಿದ್ದು ಹತ್ತಿಯೆಲ್ಲ ಬೂದಿಯಾಯಿತು. ಬೂದಿಯಲ್ಲಿ ಸಿಕ್ಕಿದ್ದು ಗೀಟಿಲ್ಲದ ಹಳೇ ಚೋಕು. ಹೊಸದನ್ನು ಕದ್ದು ಹಳೇದು ಹಾಕಿದ್ದಾನೆಂದು ಗಿರಣಿಯ ಸಾಹೇಬರು ಅವನನ್ನೇ ಹಿಡಿದರು.

"ನಾನು ಹೊಸದೇ ಹಾಕಿದ್ದು ಸಾಹೇಬ್ರೇ. ಅಣ್ಣನೇ ಸ್ಟೂಲು ಹಿಡ್ಕೊಂಡಿದ್ದ, ಕೇಳಿ!"

ಹೆಡ್ ವೈರ್‌ಮನ್ ನೆಲ ನೋಡಿದ. "ನಂಗೆ ನೆನಪಿಲ್ಲ."

ಕೆಲಸ ಹೋಯಿತು. ಆ ವಾರವೇ ಅಣ್ಣ ಮನೆಗೆ ಬಂದು ಭುಜ ತಟ್ಟಿದ್ದ. "ಮರೆವು ಕಣೋ. ತಪ್ಪು ತಿಳ್ಕೋಬೇಡ."

ಇಪ್ಪತ್ತು ವರ್ಷ ಇವನು ತಪ್ಪು ತಿಳಿದಿರಲಿಲ್ಲ.

*

"ಏನಾಗಿತ್ತಪ್ಪ?" ಅತ್ತಿಗೆ ಊದಿದ ಕಣ್ಣೆತ್ತಿದಳು.

"ಇದು ಯಾವಾಗ ಹಾಕಿದ್ದು ಅತ್ತಿಗೆ?"

"ಈ ಮನೆಗೆ ಬಂದಾಗ. ಗೋದಾಮು ಸುಡೋಕೆ ಸ್ವಲ್ಪ ಮುಂಚೆ. ಒಂದಿನವೂ ಕೈಕೊಟ್ಟಿರ್ಲಿಲ್ಲ. ಯಾರಿಗೂ ಅದನ್ನ ಮುಟ್ಟೋಕೆ ಬಿಡ್ತಿರ್ಲಿಲ್ಲ ಅವ್ರು."

ಗೀಟಣ್ಣ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಚೀಲದಿಂದ ಬೇರೆ ಚೋಕು ತೆಗೆದು ಕೂರಿಸಿದ, ಗೀಟು ಎಳೆಯಲಿಲ್ಲ. ಸ್ವಿಚ್ ಒತ್ತಿದಾಗ ಬೆಳಕು ಅಲುಗದೆ ಸತ್ತವನ ಮುಖದ ಮೇಲೆ ನಿಂತಿತು.

"ಎತ್ತೋಣ್ವಾ? ಬಾರಪ್ಪ ಮುಂದಕ್ಕೆ."

"ಬೇರೆ ಯಾರಾದ್ರೂ ಕೊಡಿ ಹೆಗಲು."

"ಅಯ್ಯೋ, ಯಾಕೋ?" ತೂಕದವನು ಕೇಳಿದ. ಗೀಟಣ್ಣ ಚುಕ್ಕೆಯ ಚೋಕನ್ನು ಜೇಬಿಗಿಳಿಸಿದ.

ಹೆಣ ಗಿರಣಿಯ ಗೇಟು ದಾಟುವಾಗ ಗೀಟಣ್ಣ ಎಲ್ಲರ ಹಿಂದಿದ್ದ. ಜೇಬಿನಲ್ಲಿದ್ದ ಚೋಕಿನ ಭಾರಕ್ಕೆ ಅಂಗಿ ಒಂದು ಬದಿಗೆ ಜಗ್ಗಿ, ಆ ಕಡೆಯ ಹೆಗಲು ಬಾಗಿತ್ತು.