ಅನ್ನದ ಪಾತ್ರೆ

ಅರವತ್ತೆರಡರ ಮಾಗಿಯ ಒಂದು ಸಂಜೆ. ಬಂಗಾರಪೇಟೆಯಲ್ಲಿ ಕದಿರಪ್ಪನ ಟ್ಯಾಕ್ಸಿ ಅವನ ಮನೆಯ ಮುಂದೆಯೇ ಬಾನೆಟ್ ತೆರೆದುಕೊಂಡು ನಿಂತಿತ್ತು. ಹಿಂದಿನ ದಿನ ಶಾಖ ತೋರಿಸುವ ಮುಳ್ಳು ಏಳದೆ ಮಲಗಿದ್ದಾಗಲೇ ಇಂಜಿನ್ ಕುದಿದು ಆವಿ ಎದ್ದಿತ್ತು. ಇನ್ನೊಮ್ಮೆ ಹಾಗಾದರೆ ಇಂಜಿನ್ ಉಳಿಯುವುದಿಲ್ಲ. ಅದಕ್ಕೇ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಿಂದ ಮೆಕ್ಯಾನಿಕ್ ಪೆರುಮಾಳ್ ರೈಲು ಹತ್ತಿ ಬಂದಿದ್ದ.

ಹೆಂಡತಿ ತೀರಿಕೊಂಡ ಮೇಲೆ ಕದಿರಪ್ಪನೊಡನೆ ಮನಸ್ಸು ಬಿಚ್ಚಿ ಮಾತಾಡುವವನು ಅವನೊಬ್ಬನೇ. ಗಾಡಿಗೆ ಏನೂ ಆಗದಿದ್ದರೂ ಕದಿರಪ್ಪ ಒಮ್ಮೊಮ್ಮೆ ಹೇಳಿಕಳಿಸುತ್ತಿದ್ದ.

"ಏನ್ಲಾ ಪೆರುಮಾಳು, ಇದಕ್ಕೆ ಜ್ವರ ಬಂದ್ರೂ ಏಳಾಕಿಲ್ವಲ್ಲ!"

"ನಿಮ್ ತರಾನೇ ಅಣ್ಣ. ಒಳಗೆ ಕುದೀತಿದ್ರೂ ಚೆನ್ನಾಗಿದೀನಿ ಅನ್ನುತ್ತೆ."

ಇಬ್ಬರೂ ನಕ್ಕರು. ಪೆರುಮಾಳ್ ಇಂಜಿನ್ನಿನ ಶಾಖ ಹಿಡಿಯುವ ಹಳೆಯ ಬಲ್ಬನ್ನು ಅದರ ತಾಮ್ರದ ನಳಿಗೆ, ಮುಳ್ಳಿನ ಸಮೇತ ಬಿಚ್ಚಿ, ಹೊಸದನ್ನು ಕಾಗದದಿಂದ ತೆಗೆದ. "ಹಾಕೋಕೆ ಮುಂಚೆ ಕುದಿಯೋ ನೀರಲ್ಲಿ ಅದ್ದಿ, ಮುಳ್ಳು ಏಳುತ್ತಾ ನೋಡ್ಬೇಕು. ಒಂದ್ ಪಾತ್ರೇಲಿ ನೀರು ಕೊಡಿ."

ಕದಿರಪ್ಪ ಎದ್ದವನು ಹಾಗೇ ನಿಂತ. ಮನೆಯಲ್ಲಿ ಒಲೆಯ ಮೇಲಿಡುವ ಪಾತ್ರೆ ಒಂದೇ, ಅನ್ನ ಮಾಡುವುದು. ಪೆರುಮಾಳನಂಥ, ಊರವರು ಕೀಳೆನ್ನುವ ಜಾತಿಯವರ ಕೈ ಅದನ್ನು ಮುಟ್ಟಿರಲಿಲ್ಲ.

"ಓಟ್ಲಿಂದ ತತ್ತೀನಿ, ಇರು."

"ಬೇಡ ಅಣ್ಣ, ಬರೋಷ್ಟ್ರಲ್ಲಿ ಆರೋಗುತ್ತೆ. ಹಂಗೇ ಹಾಕಿಬಿಡ್ತೀನಿ." ಪೆರುಮಾಳ್ ಇಂಜಿನ್ ಮೇಲೆ ಬಗ್ಗಿದ.

ಆರು ವರ್ಷದಿಂದ ಅವನು ಬಂದಾಗಲೆಲ್ಲ ಕದಿರಪ್ಪ ಹೋಟೆಲಿನಿಂದ ಕಾಫಿ ತರಿಸುತ್ತಿದ್ದ. ಅದನ್ನು ಉಪಚಾರವೆಂದೇ ನಂಬಿದ್ದ. ಮನೆಯ ಲೋಟ ಕೊಡದಿರಲು ಹೂಡಿದ ಉಪಾಯ ಅದು ಎಂದು ಈಗ ಹೊಳೆಯಿತು. ಪೆರುಮಾಳನಿಗೆ ಮೊದಲ ದಿನವೇ ಗೊತ್ತಿತ್ತೇನೋ. ನಾಳೆಯಿಂದ ಇವನೂ ಬರದಿದ್ದರೆ?

"ಈಗ್ಲೇ ಹಾಕ್ಬ್ಯಾಡ, ಇರು," ಎಂದು ಕದಿರಪ್ಪ ಒಳಗೆ ಹೋಗಿ ಒಲೆ ಹೊತ್ತಿಸಿದ. ಕುದಿಯುವ ನೀರಿನ ಪಾತ್ರೆಯನ್ನು ತಂದು ಪೆರುಮಾಳನ ಮುಂದಿಟ್ಟ. ಬಲ್ಬ್ ಮುಳುಗಿತು, ಮುಳ್ಳು ಮೆಲ್ಲಗೆ ಎದ್ದಿತು.

ಕೆಲಸ ಮುಗಿದ ಮೇಲೆ ಪೆರುಮಾಳ್ ಬೇರೆಲ್ಲೋ ನೋಡುತ್ತ ಹೇಳಿದ: "ಪಾತ್ರೆ ಹುಣಸೆಹಣ್ಣು ಹಾಕಿ ತೊಳ್ಕೊಳ್ಳಿ."

"ಗ್ರೀಸಾಗೈತೆ, ಅದಕ್ಕೆ ತೊಳೀತೀನಿ. ಬ್ಯಾರೇದಕ್ಕಲ್ಲ," ಎಂದ ಕದಿರಪ್ಪ. ತೊಳೆದು, ಅದರಲ್ಲೇ ಎರಡು ಪಾವು ಅಕ್ಕಿ ಹಾಕಿ ಒಲೆಗಿಟ್ಟ. "ಉಂಡ್ಕೊಂಡ್ ಓಗು. ಒಳಕ್ ಬಾ."

"ಬೀದಿಯೋರು ನೋಡ್ತಾರೆ ಅಣ್ಣ."

"ನೋಡ್ಕಳ್ಲಿ ಬುಡು."

ಪೆರುಮಾಳ್ ಕೈ ಒರೆಸಿಕೊಳ್ಳುತ್ತ ಮೆಟ್ಟಿಲಲ್ಲೇ ನಿಂತ. ಎಷ್ಟೋ ಹೊತ್ತು ನಿಂತ. ಇಬ್ಬರಿಗೆ ಅಡುಗೆ ಮಾಡುವ ರೂಢಿ ತಪ್ಪಿದ್ದ ಕದಿರಪ್ಪ ನೀರು ಹೆಚ್ಚು ಹಾಕಿದ್ದ. ಗಂಜಿ ಉಕ್ಕಿ ಒಲೆಗೆ ಚುಸ್ ಎಂದು ಸುರಿಯಿತು.

"ಅಯ್ಯೋ, ಮುಚ್ಚಳ ತೆಗೀರಿ ಅಣ್ಣ!" ಎನ್ನುತ್ತ ಪೆರುಮಾಳ್ ನುಗ್ಗಿಬಂದು ತಾನೇ ಮುಚ್ಚಳ ಎತ್ತಿದ. ಮರುಕ್ಷಣ, ಕಾಲಲ್ಲಿದ್ದ ಚಪ್ಪಲಿ ಕಂಡು ಬೆಚ್ಚಿ ನಿಂತ.

ಕದಿರಪ್ಪ ಸೌಟನ್ನು ಅವನ ಕೈಗಿಟ್ಟ. "ಬೆಂದೈತಾ, ನೋಡು."