ಬಲತೊಡೆಯ ಅಳತೆ

ನಾಯಿಯೊಂದರ ಸೊಂಟದ ಕಥೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಇರಲಿ. ಮನುಷ್ಯರ ಮಂಡಿನೋವು ಕೇಳುವುದಕ್ಕೇ ಪುರುಸೊತ್ತಿಲ್ಲದ ಕಾಲದಲ್ಲಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡಕಾಲಿನ ನಾಯಿ ಹೇಗೆ ನಡೆಯಿತು ಎಂಬುದು ಯಾರಿಗೆ ಬೇಕು ಎಂದರೆ ಅದೂ ಸರಿಯೇ. ಪಶುವೈದ್ಯ ಓದಿದವರಾದರೆ ಇದನ್ನು ಇನ್ನೂ ಚೊಕ್ಕವಾಗಿ ಹೇಳಿಯಾರು. ಆದರೂ ಟೈಲರಮ್ಮ ಆ ನಾಯಿಗೂ ಇನ್ನಿಬ್ಬರಿಗೂ ಎಷ್ಟು ಋಣಿ ಎಂಬುದನ್ನು ಯಾರಾದರೂ ಒಮ್ಮೆ ಹೇಳಬೇಕಿತ್ತು.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಹೊಲಿಯುವವಳು ಟೈಲರಮ್ಮ. ಅವಳ ಅಪ್ಪನೂ ಟೈಲರೇ. ಕೈ ನಡುಗಲು ಶುರುವಾದ ಮೇಲೆ ಕತ್ತರಿ ಕೆಳಗಿಟ್ಟು, ಬಣ್ಣಕ್ಕೆ ಹೊಂದುವ ಗುಂಡಿ ಹುಡುಕಿಕೊಡುತ್ತ, ಗಿರಾಕಿಗಳನ್ನು ಮಾತಾಡಿಸುತ್ತ ಕುಳಿತಿರುತ್ತಿದ್ದ. ಅವನ ಕಾಲಬುಡದಲ್ಲಿ ಗಿಡ್ಡ ಎಂಬ ನಾಯಿ. ಒರಗುದಿಂಬಿನಷ್ಟು ಉದ್ದದ ಮೈ, ಅದರಡಿ ಯಾರೋ ಮರೆತುಹೋಗಿ ಕೊನೆಗೆ ಅಂಟಿಸಿದಂಥ ನಾಲ್ಕು ಕಾಲು. ಗಿಡ್ಡ ಬೀದಿಯಲ್ಲಿ ಹೊರಟರೆ ಹಿಂಭಾಗ ಆ ಕಡೆ ಈ ಕಡೆ ತೊನೆದಾಡುತ್ತಿತ್ತು. ನೋಡಿದವರೆಲ್ಲ ನಗುತ್ತಿದ್ದರು.

ಬೆಳಿಗ್ಗೆ, ಸಂಜೆ ಬೀದಿಯ ತುದಿಯ ಬೆಂಚಿನವರೆಗೆ ಅವನನ್ನು ಕರೆದೊಯ್ಯುವುದು ಅಪ್ಪನ ಕೆಲಸ. ನಡೆಯಿರಿ ಎಂದು ಮನುಷ್ಯರ ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಗಿಡ್ಡ ಬಾಗಿಲಲ್ಲಿ ಒಮ್ಮೆ ಗುರ್ ಎಂದರೆ ಸಾಕು, ಅಪ್ಪ ಎದ್ದು ಚಪ್ಪಲಿ ಮೆಟ್ಟುತ್ತಿದ್ದ. ಗಿಡ್ಡ ನಡೆದರೆ ಅಪ್ಪ ನಡೆಯುತ್ತಿದ್ದ. ಗಿಡ್ಡ ಕೂತರೆ ಅಪ್ಪನೂ ಕೂತುಬಿಡುತ್ತಾನೆ ಎಂಬುದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಕೈಗೆ ಒಂದು ಹೆಸರಿತ್ತು. ಒಂದು ಭುಜ ಇಳಿದವರು, ಬೆನ್ನು ಬಾಗಿದವರು ಅವಳ ಹತ್ತಿರವೇ ಬರುತ್ತಿದ್ದರು. ಇಳಿದ ಕಡೆ ಒಳಗೊಂದು ತೆಳು ಪ್ಯಾಡು, ಎತ್ತರದ ಕಡೆ ಕಾಣದಂತೆ ಒಂದು ಮಡಿಕೆ. ಕನ್ನಡಿಯೆದುರು ನಿಂತವರು ನೆಟ್ಟಗೆ ಕಾಣುತ್ತಿದ್ದರು. ಇದು ಅಪ್ಪ ಕಲಿಸಿದ್ದು. ಜೊತೆಗೆ ಇನ್ನೊಂದನ್ನೂ ಕಲಿಸಿದ್ದ: ಪ್ರತಿ ಸಲವೂ ಹೊಸದಾಗಿ ಅಳೆಯಬೇಕು, ತಾರೀಖು ಹಾಕಿ ಬರೆಯಬೇಕು, ಹಳೆಯದನ್ನು ಹೊಡೆದುಹಾಕಬಾರದು.

ಚಳಿ ಬಂದಾಗ ಅವಳು ಗಿಡ್ಡನಿಗೊಂದು ಕೋಟು ಹೊಲಿದಳು. ಹಿಂದೆ ಜಾರದಿರಲಿ ಎಂದು ಎರಡು ತೊಡೆಗೂ ಪಟ್ಟಿ. ತಿಂಗಳೊಳಗೆ ಕೋಟು ಬಲಕ್ಕೆ ವಾಲತೊಡಗಿತು. ಅವಳು ಮತ್ತೆ ಅಳೆದು, ಬಲಪಟ್ಟಿ ಬಿಗಿ ಮಾಡಿ, ಸೊಂಟದ ಹತ್ತಿರ ಪ್ಯಾಡು ಇಟ್ಟಳು. ಇನ್ನೊಂದು ತಿಂಗಳಿಗೆ ಮತ್ತೆ ವಾಲಿತು, ಮತ್ತೆ ಸರಿಮಾಡಿದಳು.

"ನಮ್ಮ ಗಿಡ್ಡ ಈಗ ಮದುಮಗನ ಥರ ಕಾಣ್ತಾನೆ ನೋಡು," ಎಂದ ಅಪ್ಪ.

ಆದರೆ ಮದುಮಗ ಮೂರನೇ ಮೆಟ್ಟಿಲಲ್ಲಿ ನಿಂತುಬಿಡತೊಡಗಿದ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತಿದ್ದ. ಬೀದಿಯವರು ಅದಕ್ಕೂ ನಕ್ಕರು. ಟೈಲರಮ್ಮನಿಗೆ ನಗು ಬರಲಿಲ್ಲ. ಅವನನ್ನು ಎತ್ತಿಕೊಂಡು ನಾಯಿ ಡಾಕ್ಟರಮ್ಮನ ಬಳಿಗೆ ಹೋದಳು.

ಕಾಯುವ ಕೋಣೆಯಲ್ಲಿ ಹತ್ತು ಜನ. ಡಾಕ್ಟರಮ್ಮ ಬೆನ್ನುಮೂಳೆಯ ಉದ್ದಕ್ಕೂ ಬೆರಳೊತ್ತಿ ನೋಡಿದರು, ಪಾದವನ್ನು ಮಡಚಿಟ್ಟು ಗಿಡ್ಡ ಅದನ್ನು ತಾನೇ ಸರಿಮಾಡಿಕೊಳ್ಳುತ್ತಾನೋ ಎಂದು ನೋಡಿದರು, ನಾಲ್ಕು ಹೆಜ್ಜೆ ನಡೆಸಿದರು.

"ಬೆನ್ನು ಚೆನ್ನಾಗಿದೆ. ಇಂಥ ನಾಯಿಗಳಲ್ಲಿ ಮೊದಲು ಭಯ ಅದೇ. ನಡಿಗೆ ನೆಟ್ಟಗೇ ಕಾಣ್ತಿದೆ. ಗಿಡ್ಡಕಾಲಿನವು ಸ್ವಲ್ಪ ಹೀಗೇ ಅಮ್ಮ, ತೊನೀತಾವೆ. ಎರಡು ವಾರ ನೋಡಿ."

ಕೋಟು ಗಿಡ್ಡನ ಮೈಮೇಲೇ ಇತ್ತು.

ಅವಳು ಹಗುರಾಗಿ ಮನೆಗೆ ಬಂದಳು. ಆದರೆ ವಾರ ಕಳೆಯುವುದರಲ್ಲಿ ಕೋಟು ಮತ್ತೆ ಬಲಕ್ಕೆ ವಾಲಿತು. ಟೇಪು ಹಿಡಿದು ಅಳೆದು ಬರೆಯಲು ಅಳತೆ ಪುಸ್ತಕ ತೆರೆದಾಗ ಹಳೆಯ ಸಾಲುಗಳ ಮೇಲೆ ಕಣ್ಣು ಬಿತ್ತು. ಎಡತೊಡೆ ಒಂಬತ್ತು, ಒಂಬತ್ತು, ಒಂಬತ್ತು. ಬಲತೊಡೆ ಒಂಬತ್ತು, ಎಂಟೂ ಮುಕ್ಕಾಲು, ಎಂಟೂವರೆ. ಈಗ ಟೇಪು ತೋರಿಸುತ್ತಿದ್ದದ್ದು ಎಂಟೂಕಾಲು.

ಅವಳು ಟೇಪು ಕೆಳಗಿಟ್ಟಳು. ವಾಲಿದ್ದು ಕೋಟಲ್ಲ, ನಾಯಿ. ಅದು ಮೂರು ತಿಂಗಳಿಂದ ತನ್ನ ನೋವನ್ನು ತೋರಿಸುತ್ತ ಬಂದಿತ್ತು. ತಾನು ಅಷ್ಟೇ ನಿಯತ್ತಾಗಿ ಅದನ್ನು ಹೊಲಿದು ಮುಚ್ಚುತ್ತ ಬಂದಿದ್ದಳು. ಡಾಕ್ಟರಮ್ಮ ನೋಡಿದ್ದು ಗಿಡ್ಡನ ನಡಿಗೆಯನ್ನಲ್ಲ, ತನ್ನ ಕೈಕೆಲಸವನ್ನು.

"ಅಪ್ಪ, ನಾನು ಎಂಥ ಕೆಲಸ ಮಾಡಿಬಿಟ್ಟೆ."

ಅಪ್ಪ ಕನ್ನಡಕ ಏರಿಸಿ ಪುಸ್ತಕವನ್ನು ಎರಡು ಸಲ ಓದಿದ. "ಮುಚ್ಚಿದ್ದೂ ನೀನೇ, ಬರೆದಿಟ್ಟಿದ್ದೂ ನೀನೇ. ಬೈಸ್ಕೊಳ್ಳೋಕೆ ಹೋಗೋದಾದ್ರೆ ಪುಸ್ತಕ ತಗೊಂಡೇ ಹೋಗು ಪುಟ್ಟಿ."

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲೇ ಉರುಹೊಡೆದಳು. ಡಾಕ್ಟರಮ್ಮನ ಎದುರು ಎಲ್ಲ ಮರೆತುಹೋಗಿ, ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟು, "ತಪ್ಪು ನನ್ನದು," ಎಂದಷ್ಟೇ ಹೇಳಿದಳು. ಡಾಕ್ಟರಮ್ಮ ಸಾಲುಗಳ ಮೇಲೆ ಬೆರಳಾಡಿಸಿದರು. ಅವರು ಬೈಯಲಿಲ್ಲ. ಗಿಡ್ಡನ ಕೋಟು ಬಿಚ್ಚಿಸಿ ಹಿತ್ತಲಿನ ಸಿಮೆಂಟು ನೆಲದ ಮೇಲೆ ಹತ್ತು ಸಲ ಹೋಗಿಬರಲು ಬಿಟ್ಟು, ತಾವು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಹಿಂದಿನಿಂದ ನೋಡಿದರು. ಆಮೇಲೆ ಎಕ್ಸ್‌ರೇ.

"ಕಾಜಾ ಅಗಲ ಆದ್ರೆ ಗುಂಡಿ ನಿಲ್ಲುತ್ತಾ?" ಎಂದು ಕೇಳಿದರು.

"ಇಲ್ಲ. ಜಾರುತ್ತೆ."

"ಇವನ ಬಲಸೊಂಟದಲ್ಲಿ ಅದೇ ಆಗಿರೋದು. ತೊಡೆಮೂಳೆಯ ಗುಂಡು ಕೂರೋ ಬಟ್ಟಲು ಆಳ ಇಲ್ಲ. ಹುಟ್ಟಿನಿಂದಲೇ ಹಾಗೆ. ನೋಯುತ್ತೆ ಅಂತ ಆ ಕಾಲಿಗೆ ಭಾರ ಹಾಕಿಲ್ಲ, ಅದಕ್ಕೇ ತೊಡೆ ಸಣ್ಣ ಆಗಿದೆ. ಈಗಲೇ ಬಂದಿರಲ್ಲ, ಚಿಂತೆ ಬೇಡ, ಆಪರೇಷನ್ ಇಲ್ಲದೇನೇ ನೋಡೋಣ." ಪುಸ್ತಕ ಮುಚ್ಚಿ ಅವಳ ಕೈಗೆ ಕೊಡುವಾಗ ದನಿ ತಗ್ಗಿಸಿ ಹೇಳಿದರು: "ಕೋಟು ಬಿಚ್ಚಿಸಿ ನೋಡಬೇಕಾಗಿದ್ದು ನಾನು. ಇಂಥ ಬರಹ ತಂದುಕೊಡೋರು ನನಗೆ ಸಿಗೋದೇ ಇಲ್ಲ, ಅಮ್ಮ. ತುಂಬಾ ಉಪಕಾರ ಆಯ್ತು."

ಬೈಗುಳಕ್ಕೆ ಸಿದ್ಧಳಾಗಿ ಹೋದವಳಿಗೆ ಈ ಮಾತನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದು ಗಿಡ್ಡನ ಕಿವಿಯಲ್ಲಿ ಮುಖವಿಟ್ಟು ಸ್ವಲ್ಪ ಅತ್ತಳು.

ಅಂದಿನಿಂದ ಮನೆಯ ಕಾನೂನು ಬದಲಾಯಿತು. ಗಿಡ್ಡನಿಗೆ ಮೆಟ್ಟಿಲು ನಿಷಿದ್ಧ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಸೊಂಟದಡಿ. ಅಂಗಡಿಯ ನುಣುಪು ನೆಲಕ್ಕೆ ರಬ್ಬರ್ ಚಾಪೆ. ನೋವಿಗೆ ಔಷಧಿ. ದಿನಕ್ಕೆ ನಾಲ್ಕು ಸಲ ಪುಟ್ಟ ನಡಿಗೆ, ಹುಲ್ಲಿನ ಮೇಲೆ, ನಿಧಾನವಾಗಿ. ಮೈಭಾರ ಇಳಿಯಬೇಕು. ವಾರಕ್ಕೊಮ್ಮೆ ಅಳತೆ.

ಎರಡನೇ ವಾರ ಟೈಲರಮ್ಮ ಟೇಪು ಸುತ್ತಿಡುತ್ತ ಅಪ್ಪನ ಕಡೆ ತಿರುಗಿದಳು. "ಹೊಟ್ಟೆ ಅರ್ಧ ಇಂಚು ಜಾಸ್ತಿ ಆಗಿದೆ."

"ಟೇಪು ಹಳೇದು. ಹಿಗ್ಗಿರುತ್ತೆ."

"ಹಿಗ್ಗಿದ ಟೇಪು ಅಳತೆ ಕಮ್ಮಿ ತೋರಿಸ್ಬೇಕಪ್ಪ. ಬಿಸ್ಕತ್ ಎಷ್ಟು ಕೊಟ್ಟೆ?"

ಅಪ್ಪ ಗುಂಡಿ ಡಬ್ಬಿಯೊಳಗೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದ. "ಒಂದೇ. ದಿನಕ್ಕೆ." ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು, "ಅಂದ್ರೆ, ಒಂದೊಂದು ನಡಿಗೆಗೆ," ಎಂದ.

ನಾಲ್ಕು ಸಲ ನಡೆಸಬೇಕಾದ್ದರಿಂದ ಅಪ್ಪನೂ ನಾಲ್ಕು ಸಲ ನಡೆದ. ಮೊದಲು ಗೊಣಗಿದ, ಆಮೇಲೆ ಗಡಿಯಾರ ನೋಡಿ ತಾನೇ ಎದ್ದು ನಿಲ್ಲತೊಡಗಿದ. ಹತ್ತನೇ ವಾರ ಬಲತೊಡೆ ಎಂಟೂವರೆಗೆ ಬಂತು. ಗಿಡ್ಡ ಹುಲ್ಲಿನ ಮೇಲೆ ಕುಪ್ಪಳಿಸದೆ, ಹಿಂಗಾಲುಗಳನ್ನು ಒಂದಾದ ಮೇಲೊಂದು ಇಟ್ಟು, ತೊನೆಯುತ್ತ ಬೆಂಚಿನವರೆಗೆ ಹೋದ. ಬೀದಿಯವರು ಎಂದಿನಂತೆ ನಕ್ಕರು. ಈ ಸಲ ಟೈಲರಮ್ಮನೂ ನಕ್ಕಳು.

ಆ ಮಧ್ಯಾಹ್ನ ಅವಳು ಕೋಟಿನ ಪ್ಯಾಡು ಬಿಚ್ಚಿದಳು. ಡಾಕ್ಟರಮ್ಮನಿಗೆ ಕೊಡಲು ಗಟ್ಟಿ ರಟ್ಟಿನ ಒಂದು ಹೊಸ ಅಳತೆ ಪುಸ್ತಕಕ್ಕೆ ಗೆರೆ ಹಾಕಿದಳು: ತಾರೀಖು, ಎಡತೊಡೆ, ಬಲತೊಡೆ. ಅಪ್ಪ ಕಲಿಸಿದ ಕ್ರಮದಲ್ಲೇ. ಆ ಋಣಕ್ಕೆ ಅವನಿಗೆ ಚಹಾದ ಜೊತೆ ಒಂದು ಬಿಸ್ಕತ್ ಹೆಚ್ಚಿಗೆ ಇಟ್ಟಳು.

"ಇದು ನನಗೋ, ಅವನಿಗೋ?" ಎಂದು ಅಪ್ಪ ಕೇಳಿದ.

"ನಿನಗೆ. ನಿನ್ನ ಹೊಟ್ಟೆ ನಾನು ಅಳೆಯಲ್ಲ."

ಬಲತೊಡೆ ಮತ್ತೆ ಒಂಬತ್ತಕ್ಕೆ ಬರುತ್ತದೋ ಇಲ್ಲವೋ ಡಾಕ್ಟರಮ್ಮ ಹೇಳಲಾರರು. ಆ ಮೂರು ತಿಂಗಳು ಪ್ಯಾಡಿನ ಒತ್ತು ಗಿಡ್ಡನ ಸೊಂಟಕ್ಕೆ ಆಸರೆಯಾಯಿತೋ, ನೋವು ಹೆಚ್ಚಿಸಿತೋ ಎಂದು ಟೈಲರಮ್ಮ ಅವರನ್ನು ಎರಡು ಸಲ ಕೇಳಿದಳು. ಎರಡು ಸಲವೂ ಅವರು ಗೊತ್ತಿಲ್ಲ ಎಂದರು. ಅವಳಿಗೂ ಗೊತ್ತಿಲ್ಲ.