ರಾಗಿ ಹೊರೆ ಹಾರಿದವಳು

ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಂದ ಪದಕಗಳ ಪಟ್ಟಿ ಪೇಪರಿನಲ್ಲಿ ಅಂಗೈಯಗಲ ಜಾಗ ಹಿಡಿದಿತ್ತು. ಅದರಲ್ಲಿ ಒಂದು ಕಂಚು ಕಡಬದ ಕೋಮಲಾ ಹರ್ಡಲ್ಸ್ ಓಟದಲ್ಲಿ ಗೆದ್ದದ್ದು. ಗುಬ್ಬಿಯಲ್ಲಿ ಹಾರ, ಪೇಟ, ಫೋಟೋ ಎಲ್ಲ ಮುಗಿಸಿಕೊಂಡು ಊರಿಗೆ ಬಂದವಳು ಮನೆಗೂ ಹೋಗದೆ ನೆಟ್ಟಗೆ ಕೆರೆ ರಸ್ತೆಗೆ ನಡೆದಳು.

ಪ್ರತಿ ಸುಗ್ಗಿಯಂತೆ ಈ ಸಲವೂ ಮುದುಕ ಓಬಳಯ್ಯ ಒಕ್ಕಣೆಗೆಂದು ಆ ಟಾರು ರಸ್ತೆಯ ಮೇಲೇ ರಾಗಿ ಹೊರೆಗಳನ್ನು ಇಳಿಸಿದ್ದ. ಹೈಸ್ಕೂಲಿನಲ್ಲಿದ್ದಾಗ ದಿನಾ ಬೆಳಿಗ್ಗೆ ಅವನ್ನು ಹಾರಿ ಹಾರಿಯೇ ಅವಳು ಹರ್ಡಲ್ಸ್ ಕಲಿತದ್ದು. "ಉಣ್ಣೋ ಅನ್ನ ದಾಟ್ತೀಯಲ್ಲೇ, ಮೂದೇವಿ!" ಎಂದು ಅವನು ಕೋಲು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ. ಕಾಲಿಗೆ ವೇಗ ಬಂದದ್ದು ಆ ಕೋಲಿನಿಂದ.

ಕೋಮಲಾ ಪದಕವನ್ನು ಹೊರೆಯ ಮೇಲಿಟ್ಟು ಕೈಮುಗಿದಳು. "ದಾಟಿದ್ದು ತಪ್ಪಾಯ್ತು ತಾತ. ಆದ್ರೆ ಇದು ನಿಮ್ ರಾಗಿ ಕೊಟ್ಟಿದ್ದು."

ಓಬಳಯ್ಯ ಪದಕವನ್ನು ಪಂಚೆಯ ಅಂಚಿನಲ್ಲಿ ಒರೆಸಿ ಅವಳ ಕೊರಳಿಗೆ ಹಾಕಿದ. ಕಣ್ಣನ್ನೂ ಅದೇ ಅಂಚಿನಲ್ಲಿ ಒರೆಸಿಕೊಂಡ. ಆಮೇಲೆ ಉಸ್ಸೆನ್ನುತ್ತಾ ಆ ಹೊರೆಯ ಮೇಲೆ ಇನ್ನೊಂದು ಹೊರೆ ಎತ್ತಿಟ್ಟ.

"ಈಗ ಹಾರು, ನೋಡಾನ. ಚಿನ್ನ ಇನ್ನೂ ಒಸಿ ಮೇಲೈತೆ."